ಲಾವಣಿಗೆ ಹಿಡಿದ ಕಾರು

ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯುವುದು ನಮಗೆ ಗೊತ್ತಿತ್ತು. ಯುಗಾದಿಯಿಂದ ಯುಗಾದಿಗೆ ಮಾತು. ವರ್ಷದ ಲಾವಣಿ ಮುಟ್ಟಿಸಿ ಪಾಡ್ಯದ ದಿನ ಹೊಲ ಬಿಟ್ಟುಕೊಟ್ಟರೆ ಮುಗಿಯಿತು. ಎರೆಮಣ್ಣು ಸವೆದಿದೆ, ಬದುವಿನ ಕಲ್ಲು ಜರುಗಿದೆ ಎಂದು ಯಾವ ಒಡೆಯನೂ ಕೇಳುತ್ತಿರಲಿಲ್ಲ. ಮಕ್ಕಳೇ, ನಿಮ್ಮ ಅಜ್ಜ ಕಾರನ್ನೂ ಹೀಗೇ ಅಂದುಕೊಂಡು ಹಿಡಿದರು.

ಕಾರು ಗುಡಗೇರಿಯ ಒಬ್ಬ ಕಾಳಿನ ವ್ಯಾಪಾರಿಯದು. ಊರವರು ಅವರನ್ನು ಸಾವಕಾರ್ರು ಅನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಅವರು ಹೊಸ ಕಾರು ತಂದ ಮೇಲೆ ಹಳೆಯದು ಕಾಳು ತುಂಬುವ ಹಗೇವಿನ ಬಾಜು ನಿಂತು ಅದರ ಮೇಲೆ ಕೋಳಿ ಕೂಡುತ್ತಿದ್ದವು. ಟಾಯರುಗಳು ಆಗಲೇ ಅರ್ಧ ಸವೆದಿದ್ದವು. ಅದು ಎಂಬತ್ಮೂರನೆಯ ಇಸವಿಯೋ ಎಂಬತ್ನಾಲ್ಕೋ ಇರಬೇಕು, ಸರಿಯಾಗಿ ನೆನಪಿಲ್ಲ. ನಿಮ್ಮ ಅಜ್ಜನಿಗೆ ಗಾಡಿ ಹೊಡೆಯಲು ಬರುತ್ತಿತ್ತು, ಸ್ವಂತ ಗಾಡಿ ಇರಲಿಲ್ಲ. ತಿಂಗಳು ತಿಂಗಳು ಲಾವಣಿ ಕೊಡುವುದು, ರಿಪೇರಿ ನಮ್ಮದು, ಯುಗಾದಿಗೆ ವಾಪಸು ಎಂದು ಬಾಯಿಮಾತಿನಲ್ಲೇ ಮುಗಿಯಿತು. ಸಾವಕಾರ್ರು ಒಂದೇ ಕೇಳಿದರು. ಜಾಮೀನಿಗೆ ಮನೆಯ ಹೆಂಗಸಿನ ಬಂಗಾರ ಇಡಬೇಕು.

ನನ್ನ ಬಳಿ ಇದ್ದದ್ದು ತಾಳಿಯ ಹೊರತು ಒಂದು ಬೋರಮಾಳ, ನನ್ನ ಅವ್ವ ಕೊಟ್ಟದ್ದು. ಬೋರೆಹಣ್ಣಿನಂಥ ಗುಂಡುಗಳ ಸರ ಅದು. ಒಳಗೆ ಅರಗು, ಮೇಲೆ ತೆಳ್ಳನೆಯ ಚಿನ್ನದ ತಗಡು. ಮಲಗುವಾಗ ಕಡ್ಡಾಯವಾಗಿ ತೆಗೆದಿಡಬೇಕು, ಇಲ್ಲದಿದ್ದರೆ ಮೈ ಭಾರಕ್ಕೆ ಗುಂಡು ಚಪ್ಪಟೆಯಾಗುತ್ತದೆ. ನಾನು ಅದನ್ನು ಹಬ್ಬಕ್ಕೂ ಮದುವೆಗೂ ಹಾಕಿಕೊಂಡು ರಾತ್ರಿ ಹತ್ತಿಯಲ್ಲಿ ಸುತ್ತಿಡುತ್ತಿದ್ದೆ. ಅದನ್ನು ಸಾವಕಾರ್ರ ಹೆಂಡತಿಯ ಕೈಗೆ ನಾನೇ ಕೊಟ್ಟು ಬಂದೆ. ಮುತ್ತೈದೆಯ ಕೊರಳಿನ ಬಂಗಾರವನ್ನು ಗಂಡಸರು ಕೊಟ್ಟು ತೆಗೆದುಕೊಳ್ಳುವುದು ನಮ್ಮಲ್ಲಿ ಇರಲಿಲ್ಲ. ಹೆಂಗಸರೇ ಕುಂಕುಮ ಹಚ್ಚಿ, ಉಡಿಯಲ್ಲಿ ಹಾಕಿ ಕೊಡಬೇಕು.

ಆ ವರ್ಷ ಕಾರು ಚೆನ್ನಾಗಿ ದುಡಿಯಿತು. ಸ್ಟೇಷನ್ನಿನಲ್ಲಿ ಇಳಿದವರನ್ನು ಹಳ್ಳಿಗಳಿಗೆ ಮುಟ್ಟಿಸುವುದು, ಬಸುರಿಯರನ್ನು ಹುಬ್ಬಳ್ಳಿಗೆ ಒಯ್ಯುವುದು, ಮದುವೆಯ ತಿಂಗಳಲ್ಲಿ ಮದುಮಕ್ಕಳನ್ನು ಕರೆತರುವುದು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಅಂಟಿ ಎತ್ತು ಕಟ್ಟಿ ಎಳೆಸಿದ್ದೂ ಉಂಟು. ಲಾವಣಿ ಒಂದು ತಿಂಗಳೂ ತಪ್ಪಲಿಲ್ಲ.

ಪಾಡ್ಯದ ದಿನ ಕಾರು ತೊಳೆದು, ಬಾನೆಟ್ಟಿಗೆ ವಿಭೂತಿ ಹಚ್ಚಿ, ಇಬ್ಬರೂ ಅದರಲ್ಲೇ ಸಾವಕಾರ್ರ ಮನೆಗೆ ಹೋದೆವು. ನನ್ನನ್ನು ಕರೆದೊಯ್ದದ್ದು ಬೋರಮಾಳ ಇಸಿದುಕೊಳ್ಳಲು. ಅಂಗಳದ ಕಟ್ಟೆಯ ಮೇಲೆ ಪಂಚಾಂಗ ಕೇಳಲು ಬಂದ ಊರ ಹಿರಿಯರು ನಾಲ್ಕೈದು ಜನ ಕುಳಿತಿದ್ದರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಪಡಸಾಲೆಗೆ ಹೋದೆ. ಗಂಡಸರ ಎದುರು ನಾನು ಬಾಯಿ ಬಿಟ್ಟವಳಲ್ಲ.

ಕಿಟಕಿಯಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಸಾವಕಾರ್ರು ಕೊಡೆಯ ತುದಿಯಿಂದ ಕಾರನ್ನು ಚುಚ್ಚಿ ಚುಚ್ಚಿ ನೋಡಿದರು. ಬಾಗಿಲಿಗೆ ಜಾಲಿಮುಳ್ಳು ಗೀರಿದೆ. ಟಾಯರು ಬೋಳಾಗಿವೆ. ಹಿಂದಿನ ಸೀಟಿಗೆ ಅರಿಷಿಣ ಹತ್ತಿದೆ. ಅದು ಮದುಮಗಳ ಅರಿಷಿಣ, ಮಂಗಲದ್ದು, ಎಂದು ನಿಮ್ಮ ಅಜ್ಜ ಹೇಳಿದ್ದಕ್ಕೆ, ಮಂಗಲ ಅವರದು, ಸೀಟು ತನ್ನದು ಅಂದರು.

"ಲಾವಣಿ ಬ್ಯಾರೆ, ಸವಕಳಿ ಬ್ಯಾರೆ. ನೀ ಸವಸೀದಿ, ನೀನ ಕೊಡಬೇಕು."

"ಹೊಡಿಲಾಕಂತನ ಹಿಡದಿದ್ದೆನ್ರಿ ಸಾವಕಾರ್ರ. ಹೊಡದ ಗಾಡಿ ಸವೀತೈತಿ."

"ನಿಮ್ಮಪ್ಪ ಬಾಡಿಗಿ ಎತ್ತ ತಂದ್ರ ಹಿಂಗ ಎಲಬು ಮಾಡಿ ಕಳಸ್ತಿದ್ದೇನ್ಲೇ?"

ಕಟ್ಟೆಯ ಮೇಲಿದ್ದವರು ನಕ್ಕರು. ಸಾವಕಾರ್ರು ಒಂದು ಮೊತ್ತ ಹೇಳಿದರು, ನಾವು ಅರ್ಧ ವರ್ಷ ಉಣ್ಣುವಷ್ಟು. ಅದು ಮುಟ್ಟುವವರೆಗೆ ಬೋರಮಾಳ ತಮ್ಮಲ್ಲೇ ಇರಲಿ ಅಂದರು.

ಸಾವಕಾರ್ರ ಹೆಂಡತಿ ನನ್ನೆದುರೇ ಕುಳಿತಿದ್ದಳು. ಅಂಥ ಬಿಸಿಲಿನ ಶೆಕೆಯಲ್ಲೂ ಸೆರಗನ್ನು ಕುತ್ತಿಗೆಯವರೆಗೆ ಸುತ್ತಿಕೊಂಡಿದ್ದಳು. ಬೋರಮಾಳ ಒಂದು ಸಲ ಕಣ್ಣಿಗೆ ತೋರಿಸಿದರೆ ಸಾಕು ಎಂದು ನಾನು ಮೆಲ್ಲಗೆ ಕೇಳಿದೆ. ತಿಜೋರಿಯಲ್ಲಿ ಇದೆ, ಹಬ್ಬದ ದಿನ ತಿಜೋರಿ ತೆಗೆಯುವುದಿಲ್ಲ ಅಂದಳು. ಹಾಗೆಂದು ಬೇವಿನ ಪಾನಕದ ವಾಟಗ ನನ್ನ ಮುಂದಿಡಲು ಬಗ್ಗಿದಳು. ಸೆರಗು ಜಾರಿತು. ಸರ ಹೊರಗೆ ಬಂದು ತೂಗಿತು.

ನಡುವಿನ ಒಂದು ಗುಂಡು ಉಳಿದವುಗಳಿಗಿಂತ ಕೆಂಪು. ಹಿಂದೊಮ್ಮೆ ಕಳೆದುಹೋದಾಗ ಅವ್ವ ಬೇರೆ ಬಂಗಾರದಲ್ಲಿ ಮಾಡಿಸಿದ್ದಳು. ಅದನ್ನು ನೋಡಿದ ಮೇಲೆ ಅನುಮಾನ ಎಲ್ಲಿಯದು. ಅದರ ಆಚೀಚೆಯ ಗುಂಡುಗಳು ಕಡಲೆಯ ಬೇಳೆಯ ಹಾಗೆ ಚಪ್ಪಟೆಯಾಗಿದ್ದವು. ಒಂದರ ತಗಡು ಒಡೆದು ಕರಿ ಅರಗು ಕಾಣುತ್ತಿತ್ತು.

"ತಿಜೋರಿ ನಿಮ್ಮ ಕೊಳ್ಳಾಗ ಐತೇನ್ರಿ ಅವ್ವಾರ?"

"ಹಬ್ಬಕ್ಕಂತ ಮುಂಜಾನೆ ಹಾಕ್ಕೊಂಡೇನಿ. ಕರಗಿ ಹೋತೇನು?"

ಒಂದು ಮುಂಜಾನೆಯಲ್ಲಿ ಗುಂಡು ಹಾಗೆ ಆಗುವುದಿಲ್ಲ. ವರ್ಷವಿಡೀ ಹಾಕಿಕೊಂಡು ಮಲಗಿ ಎದ್ದ ಕೊರಳಿನ ಗುರುತು ಅದು. ನಾನು ಎದ್ದು ಬಾಗಿಲ ಮರೆಗೆ ನಿಂತೆ. ಹೊಸ್ತಿಲು ದಾಟಲಿಲ್ಲ. ಆದರೆ ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ.

"ರೀ, ಗಾಡಿ ಸವಕಳಿ ಹಿಡದಾದ ಮ್ಯಾಲ ಬೋರಮಾಳದ ಸವಕಳಿನೂ ಹಿಡಿರಿ. ಅವ್ವಾರು ವರ್ಷಾನಗಟ್ಲೆ ಹಾಕ್ಕೊಂಡು ಮಲಗ್ಯಾರ. ಇಲ್ಲೇ ಅವರ ಕೊಳ್ಳಾಗ ಐತಿ, ಬೇಕಂದ್ರ ಹಿರ್‍ಯಾರ ಬಂದು ನೋಡ್ರಿ."

ಕಟ್ಟೆಯ ಮೇಲೆ ಈಗ ಯಾರೂ ನಗಲಿಲ್ಲ. ಒಬ್ಬ ಮುದುಕ, ಅಡವಿಟ್ಟ ಬಂಗಾರ ಹಾಕ್ಕೋತಾರೇನೋ ತಮ್ಮಾ ಎಂದು ಸಾವಕಾರ್ರನ್ನೇ ಕೇಳಿದ. ಅವರು, ತೆಗೆದು ಕೊಟ್ಟು ಕಳಿಸು ಎಂದು ಒಳಗೆ ಹೆಂಡತಿಯ ಮೇಲೆ ಹರಿಹಾಯ್ದರು.

ಅವಳು ಸರ ಬಿಚ್ಚಿದಳು. ಕುಂಕುಮ ಇಲ್ಲ, ಉಡಿ ಇಲ್ಲ. ನನ್ನ ಕಾಲ ಹತ್ತಿರ ನೆಲದ ಮೇಲೆ ಒಗೆದಳು. "ಒಯ್ಯಿ. ಡ್ರೈವರನ ಹೇಣ್ತಿಗೆ ಇಷ್ಟ ನಾಲಿಗಿ ಇರಬಾರದು" ಅಂದಳು. ನಾನು ಬಗ್ಗಿ ಎತ್ತಿಕೊಂಡೆ. ಬಗ್ಗಿದ್ದು ಇಂದಿಗೂ ಬೆನ್ನಲ್ಲಿ ನೋಯುತ್ತದೆ.

ಸವಕಳಿಯ ಮಾತು ಅಲ್ಲಿಗೇ ನಿಂತಿತು. ಆದರೆ ನಾವು ಗೆದ್ದೆವು ಎಂದು ತಿಳಿಯಬೇಡಿ. ಮುಂದಿನ ವರ್ಷದ ಲಾವಣಿ ಅದೇ ಸಂಜೆ ಇನ್ನೊಬ್ಬನಿಗೆ ಹೋಯಿತು. ಉಳಿದ ವ್ಯಾಪಾರಸ್ಥರಿಗೂ ಸಾವಕಾರ್ರು ಹೇಳಿದ್ದರು, ನಿಮ್ಮ ಅಜ್ಜನಿಗೆ ಊರಲ್ಲಿ ಯಾರೂ ಗಾಡಿ ಕೊಡಲಿಲ್ಲ. ಕುಂದಗೋಳದಲ್ಲಿ ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತ, ವಾರಕ್ಕೊಮ್ಮೆ ಮನೆಗೆ ಬರುತ್ತ ಅವರು ಕೈಕಾಲು ಸವೆಸಿದರು. ನೀನು ಸುಮ್ಮನಿರಬೇಕಿತ್ತು ಎಂದು ಅವರು ಒಂದು ದಿನವೂ ಅನ್ನಲಿಲ್ಲ. ಚಲೋ ಮಾಡಿದಿ ಎಂದೂ ಅನ್ನಲಿಲ್ಲ.

ಬಂಗಾರದ ಕೆಲಸ ಮಾಡುವ ಪತ್ತಾರ ಗುಂಡುಗಳನ್ನು ನೋಡಿ, ತಗ್ಗಾದದ್ದನ್ನು ಎತ್ತಿದರೆ ತಗಡು ಹರಿಯುತ್ತದೆ ಅಂದ. ಹಾಗೇ ಇಟ್ಟೆ. ಸಾವಕಾರ್ರ ಹೆಂಡತಿ ತೀರಿಕೊಂಡಾಗ ಓಣಿಯ ಹೆಂಗಸರೆಲ್ಲ ಹೋದರು, ನನ್ನನ್ನೂ ಕರೆದರು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂದರು. ನಾನು ಬಾಗಿಲು ಹಾಕಿಕೊಂಡು ರೊಟ್ಟಿ ಬಡಿದೆ.