ಪುಸ್ತಕದಲ್ಲಿ ಇಳಿದ ಸಕ್ಕರೆ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಬೆಳ್ತಂಗಡಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಪ್ರಾಕ್ಟಿಕಲ್ ರೆಕಾರ್ಡುಗಳನ್ನು ತಿದ್ದಿ ತಿದ್ದಿ ಈ ಗುಣ ಬಂತು. ಲೋಲಕ ತೂಗಿಸಿ ಗುರುತ್ವದ ಬೆಲೆ ಕಂಡುಹಿಡಿಯಿರಿ ಎಂದರೆ ಅರ್ಧ ಕ್ಲಾಸು ಮೊದಲು ಉತ್ತರ ಬರೆದುಕೊಂಡು, ಆಮೇಲೆ ಅದಕ್ಕೆ ಹೊಂದುವ ಅಳತೆಗಳನ್ನು ತುಂಬಿಸುತ್ತದೆ. ನಿಜವಾದ ಅಳತೆ ಅಷ್ಟು ಚಂದ ಬರುವುದಿಲ್ಲ.

ಹಾಗಾಗಿ ಅಣ್ಣ ಆ ಕ್ಯಾಪ್ಸೂಲಿನ ಡಬ್ಬಿ ತಂದು ಮೇಜಿನ ಮೇಲಿಟ್ಟಾಗ ನಾನು ಮೊದಲು ಅವನ ಮುಖ ನೋಡಿದೆ, ಆಮೇಲೆ ಡಬ್ಬಿಯನ್ನು. ಅವನಿಗೆ ಕಲ್ಲಡ್ಕದಲ್ಲಿ ಹೋಟೆಲು. ಬಂಟ್ವಾಳದ ಯಾವುದೋ ಸಭಾಭವನದಲ್ಲಿ ಕೋಟು ಹಾಕಿದವರೊಬ್ಬರ ಭಾಷಣ ಕೇಳಿಕೊಂಡು ನೇರ ಮೂಡುಬಿದಿರೆಗೆ, ನಮ್ಮ ಮನೆಗೆ ಬಂದಿದ್ದ. ಡಬ್ಬಿ ನನ್ನ ಮಗಳಿಗೆ.

ಮಗಳಿಗೆ ಆಗ ಹದಿನೈದು. ಹನ್ನೊಂದರಲ್ಲೇ ಸಕ್ಕರೆ ಕಾಯಿಲೆ ಬಂದಿತ್ತು. ವಯಸ್ಸಾದವರಿಗೆ ಬರುವಂಥದ್ದಲ್ಲ, ಮೈಯ ಕಾವಲು ಪಡೆಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದು ಹಾಕುವಂಥದ್ದು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ಅವಳು ಬದುಕುವುದಿಲ್ಲ. ಆ ಜೀವಕೋಶಗಳು ಸಾಯುವುದು ಒಂದು ಬಗೆಯ ತುಕ್ಕಿನಿಂದ, ಈ ಕ್ಯಾಪ್ಸೂಲಿನಲ್ಲಿರುವ ಆಂಟಿಆಕ್ಸಿಡೆಂಟು ಆ ತುಕ್ಕನ್ನು ತಡೆಯುತ್ತದೆ ಎಂದು ಅಣ್ಣ ವಿವರಿಸಿದ. ಪುನರ್ಪುಳಿ ಹಣ್ಣಿನ ಸಿಪ್ಪೆ, ಅರಶಿನ, ದ್ರಾಕ್ಷಿ ಬೀಜ ಇಷ್ಟೇ ಅಂತೆ, ವಿಷ ಏನೂ ಇಲ್ಲವಂತೆ.

ನಾನು ಒಂದು ವಾರ ಕೂತು ಓದಿದೆ. ಪೂರ್ತಿ ಸುಳ್ಳೂ ಅಲ್ಲ. ಅಂಥ ಸಂಯುಕ್ತಗಳ ಮೇಲೆ ನಿಜವಾಗಿಯೂ ಸಂಶೋಧನೆ ನಡೆಯುತ್ತಿದೆ. ಆದರೆ ನಾನು ಓದಿದ್ದು ಬಹುಪಾಲು ಇಲಿಗಳ ವಿಷಯ. ಅದೂ ಕಾಯಿಲೆ ಪೂರ್ತಿ ಬೇರೂರುವ ಮುಂಚೆ ಕೊಟ್ಟದ್ದು. ಜೀವಕೋಶಗಳು ಸತ್ತು ನಾಲ್ಕು ವರ್ಷವಾದ ಮೇಲೆ ಈ ಕ್ಯಾಪ್ಸೂಲು ಕಾಯುವುದು ಯಾರನ್ನು ಎಂದು, ಮುಂದಿನ ಭಾನುವಾರ ಮತ್ತೆ ಬಂದ ಅಣ್ಣನನ್ನು ಕೇಳಿದೆ. ನೀನು ಇದರ ಏಜೆಂಟ್ ಆಗಿದ್ದೀಯಾ ಎಂದೂ ಕೇಳಿದೆ. ಅವನಿಗೆ ಚುರುಕ್ಕೆಂದಿತು.

"ನಿನಗೆ ದೇವರ ಮೇಲೂ ಸಂಶಯ ಮಾರಾಯ್ತಿ," ಎಂದ. "ಇನ್ಸುಲಿನ್ ಬಿಡಿ ಅಂತ ನಾನು ಹೇಳ್ತೇನಾ? ಇದನ್ನೂ ಕೊಟ್ಟು ನೋಡುವ."

ನಮ್ಮಲ್ಲಿ ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು. ಸೋದರಮಾವ ಒಂದು ಮಾತು ಹೇಳಿದರೆ ಮಕ್ಕಳ ತಂದೆ ಅದಕ್ಕೆ ಅಡ್ಡ ಬರುವ ಕ್ರಮ ಇಲ್ಲ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಕ್ರಮ ಹಾಗೆಯೇ ಉಳಿದಿದೆ. ನನ್ನ ಗಂಡ ಪೇಪರ್ ಮಡಚಿಟ್ಟು ಒಳಗೆ ಹೋದರು. ಮಗಳು ಮಾವನ ಕೈಯಿಂದ ಡಬ್ಬಿಯನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ನಾನು ಡಬ್ಬಿಯ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ. ಇದರಿಂದ ಗುಣವಾಗುವ ಆಸೆ ಬೇಡ, ಇನ್ಸುಲಿನಿನ ತಂಟೆಗೆ ಮಾತ್ರ ಹೋಗಬೇಡಿ ಎಂದು ಅವರು ಉತ್ತರಿಸಿದರು.

ಅಂದಿನಿಂದ ಪ್ರತಿ ಭಾನುವಾರ ಅಣ್ಣ ಬರತೊಡಗಿದ. ಬಂದವನೇ ಸೊಸೆಯ ಸಕ್ಕರೆ ಬರೆಯುವ ಪುಸ್ತಕ ಕೇಳಿ, ಪುಟದ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವುದು. ಮೊದಲ ಎರಡು ವಾರ ಪುಸ್ತಕದಲ್ಲಿ ಎಂದಿನ ಏರಿಳಿತ: ನೂರತೊಂಬತ್ತು, ಇನ್ನೂರನಲವತ್ತು, ಒಮ್ಮೆ ಎಪ್ಪತ್ತೆಂಟು. ಅಣ್ಣ ಮುಖ ಸಣ್ಣದು ಮಾಡಿಕೊಂಡು ಹೋದ. ಮೂರನೇ ವಾರ ನೂರಿಪ್ಪತ್ತೆಂಟು, ನೂರಹತ್ತೊಂಬತ್ತು, ನೂರಿಪ್ಪತ್ತೆರಡು. ಅಣ್ಣನ ಕಣ್ಣಲ್ಲಿ ನೀರು. ಗುಂಪಿನಲ್ಲಿ ಎಲ್ಲರೂ ಕೈಮುಗಿದರು.

ನನಗೂ ಖುಷಿಯಾಗಿತ್ತು, ಹೇಳಲಾರದಷ್ಟು. ಎಲ್ಲೋ ನಾಲ್ಕು ಜೀವಕೋಶ ಬದುಕಿ ಉಳಿದಿರಬಾರದೇಕೆ ಎಂದು ಲೆಕ್ಕ ಹಾಕಿದೆ. ಸಕ್ಕರೆ ತೀರಾ ಇಳಿದುಬಿಟ್ಟರೆ ಎಂಬ ನೆಪ ಮಾಡಿಕೊಂಡು ರಾತ್ರಿಯ ಇನ್ಸುಲಿನ್ನನ್ನು ಎರಡು ಯೂನಿಟ್ ತಗ್ಗಿಸಿದೆ. ಮುಂದಿನ ವಾರ ಮತ್ತೆ ಎರಡು. ಡಾಕ್ಟರನ್ನು ಕೇಳಲಿಲ್ಲ, ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿತ್ತು.

ಮಗಳ ನೀರಿನ ಬಾಟಲಿ ಬೇಗ ಬೇಗ ಖಾಲಿಯಾಗುತ್ತಿತ್ತು. ಸೆಖೆ ಎಂದುಕೊಂಡೆ. ಕೆನ್ನೆ ಒಳಗೆ ಹೋಗಿತ್ತು, ಪರೀಕ್ಷೆಗೆ ಓದುತ್ತಿದ್ದಾಳೆ ಎಂದುಕೊಂಡೆ. ಅಣ್ಣನನ್ನು, ಕಂಪನಿಯನ್ನು, ಇಲಿಗಳನ್ನು ಕೂಡ ಸಂಶಯದಿಂದ ನೋಡಿದವಳು ಕಣ್ಣೆದುರಿನ ಹುಡುಗಿಯ ಪ್ರತಿಯೊಂದು ಲಕ್ಷಣಕ್ಕೂ ಒಂದೊಂದು ಕಾರಣ ಹುಡುಕಿ ಕೊಟ್ಟೆ.

ಬಂಟ್ವಾಳದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಮಗಳು ಎರಡು ಹೋಳಿಗೆ ತಿಂದಳು, ಮೇಲೆ ಪಾಯಸ. ಮರುದಿನ ಮಧ್ಯಾಹ್ನ ನಾನು ಊಟದ ಮೇಜಿನಲ್ಲಿ ರೆಕಾರ್ಡುಗಳನ್ನು ತಿದ್ದುತ್ತಿದ್ದಾಗ ಅವಳ ಪುಸ್ತಕವೂ ಅಲ್ಲೇ ತೆರೆದಿತ್ತು. ಮದುವೆಯ ಸಂಜೆ: ನೂರಹದಿನೇಳು. ನನ್ನ ಕೆಂಪು ಪೆನ್ನು ಹಾಗೆಯೇ ನಿಂತಿತು. ಹಿಂದಿನ ಪುಟ ತಿರುವಿದೆ. ಒಂದೇ ಶಾಯಿ, ಒಂದೇ ಓರೆ, ಒಂದೂ ಅಂಕಿ ನೂರಮೂವತ್ತು ದಾಟಿಲ್ಲ. ಅವಳ ಚೀಲದಿಂದ ಸಕ್ಕರೆ ನೋಡುವ ಮೀಟರು ತೆಗೆದು ಹಳೆಯ ಅಳತೆಗಳ ಗುಂಡಿ ಒತ್ತಿದೆ. ಮುನ್ನೂರಹನ್ನೆರಡು. ಮುನ್ನೂರನಲವತ್ತೇಳು. ಇನ್ನೂರತೊಂಬತ್ತೆಂಟು.

ಹೊಟ್ಟೆನೋವು ಎಂದು ಅವಳು ಕೋಣೆಯಲ್ಲಿ ಮಲಗಿದ್ದಳು. ಬಗ್ಗಿ ನೋಡಿದರೆ ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ. ಇನ್ಸುಲಿನ್ ಸಾಲದೆ ರಕ್ತ ಹುಳಿಯಾಗತೊಡಗಿದರೆ ಬರುವ ವಾಸನೆ ಅದು ಎಂದು ನಾಲ್ಕು ವರ್ಷದ ಹಿಂದೆಯೇ ಡಾಕ್ಟರು ಹೇಳಿಕೊಟ್ಟಿದ್ದರು. ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು.

ಎರಡು ದಿನ ಡ್ರಿಪ್ ಹಾಕಿದರು. ಮೂರನೇ ದಿನ ಅವಳು ಎದ್ದು ಕೂತಳು. ಅಷ್ಟರಲ್ಲಿ ಅಣ್ಣ ಬಂದ. ಅವನಿಗೆ ಹೇಳಬೇಕಾದ ಮಾತುಗಳನ್ನೆಲ್ಲ ನಾನು ಸಾಲಾಗಿ ಜೋಡಿಸಿಟ್ಟಿದ್ದೆ. ಅವನು ಮಂಚದ ಕಾಲಬುಡದಲ್ಲಿ ನಿಂತು, ತಪ್ಪು ನನ್ನದೇ ಎಂದು ಅತ್ತುಬಿಟ್ಟ. ಇನ್ಸುಲಿನ್ ತಗ್ಗಿಸಿದ್ದು ನಾನು ಎಂದು ಹೇಳುವ ಬದಲು ನಾನು ಮಗಳ ಕಡೆ ತಿರುಗಿದೆ.

"ಮಾವನಿಗೆ ಬೇಜಾರಾಗ್ತದೆ ಅಂತ ಬರೆದದ್ದಲ್ವಾ?"

ಅವಳು ಹೊದಿಕೆಯ ನೂಲು ಎಳೆಯುತ್ತಾ ಕೂತಿದ್ದಳು.

"ಮಾವನಿಗೆ ಅಲ್ಲ ಅಮ್ಮ. ಒಂದೇ ಒಂದು ಸಲ ಅಂತ ಸುಳ್ಳು ಬರೆದದ್ದು. ಅದನ್ನು ನೋಡಿ ನೀನು ಪಾತ್ರೆ ತೊಳೆಯುವಾಗ ಹಾಡಿದೆ. ನನಗೆ ಕಾಯಿಲೆ ಬಂದ ಮೇಲೆ ನೀನು ಹಾಡಿದ್ದೇ ಇಲ್ಲ. ಆಮೇಲೆ ನಿಜ ಬರೀಲಿಕ್ಕೆ ಆಗ್ಲಿಲ್ಲ."

ಹಾಡಿದ್ದು ನನಗೆ ನೆನಪಿಲ್ಲ. ಅಣ್ಣ ತಲೆ ತಗ್ಗಿಸಿ ಹೊರಗೆ ಹೋದ. ಇನ್ಸುಲಿನಿನ ವಿಷಯ ಅವನಿಗೆ ನಾನು ಹೇಳಿದ್ದು ಎಷ್ಟೋ ದಿನ ಕಳೆದ ಮೇಲೆ.

ಈಗ ಪುಸ್ತಕ ಇಲ್ಲ. ಬೆರಳು ಚುಚ್ಚಿಕೊಂಡು ಅವಳು ಮೀಟರನ್ನೇ ನನ್ನ ಮುಂದೆ ಹಿಡಿಯುತ್ತಾಳೆ, ಹಿಡಿದು ನನ್ನ ಮುಖವನ್ನೇ ನೋಡುತ್ತಾಳೆ. ಮುನ್ನೂರು ಬಂದರೂ ನೂರು ಬಂದರೂ ಮುಖ ಒಂದೇ ತರ ಇಟ್ಟುಕೊಳ್ಳಲು ನಾನು ಕಲಿಯುತ್ತಿದ್ದೇನೆ. ಅವಳು ಇನ್ನೂ ನನ್ನನ್ನು ನಂಬುತ್ತಿಲ್ಲ.