ಒಳಗೋ ಹೊರಗೋ

ಸುಳ್ಳು ಹೇಳಬಾರದೆಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವನು ನಾನು. ಆದರೆ ಎರಡು ವರ್ಷ, ದಿನಾ ಬೆಳಿಗ್ಗೆ ಹತ್ತಾರು ಸುಳ್ಳು ಹೇಳಿ ಮುಗಿಸಿಯೇ ಶಾಲೆಗೆ ಹೋಗುತ್ತಿದ್ದೆ.

ಹೊಸಪೇಟೆಯಲ್ಲಿ ನಮ್ಮದೊಂದು ಶಟಲ್ ಅಂಗಳ. ನಾಲ್ವರು ಗೆಳೆಯರು, ಹರಕು ನೆಟ್ಟು, ಸುಣ್ಣದ ಗೆರೆ. ಅಂಪೈರ್ ಇಲ್ಲ. ಶಟಲ್ ಯಾರ ಕಡೆ ಬೀಳುತ್ತದೋ ಅವರು ಹೇಳಿದ್ದೇ ತೀರ್ಪು. ಅದನ್ನು ಎದುರಿನವರು ಒಪ್ಪದಿರುವುದೇ ಪದ್ಧತಿ. ಕಂಪ್ಲಿಯ ಅಕ್ಕಿ ಗಿರಣಿ ಮನೆತನದ ಈರಣ್ಣ ನನ್ನ ಎದುರಾಳಿ. ಒಂದು ಪಾಯಿಂಟಿಗಾಗಿ ನನ್ನ ಕಣ್ಣು, ವಿದ್ಯೆ, ವಂಶ ಮೂರನ್ನೂ ಜಾಲಾಡುತ್ತಿದ್ದ. ಆಮೇಲೆ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಹಂಪಿಯ ಕಲ್ಲುಗಳಲ್ಲಿ ಕುಸ್ತಿಯ ಜಟ್ಟಿಗಳನ್ನು ನೋಡಿರಬೇಕು ನೀವು. ಶತಮಾನಗಳಿಂದ ಒಬ್ಬರ ಕುತ್ತಿಗೆ ಒಬ್ಬರು ಬಿಟ್ಟಿಲ್ಲ. ಬರೀ ದ್ವೇಷವಾಗಿದ್ದರೆ ಯಾವತ್ತೋ ಬಿಟ್ಟು ಮನೆಗೆ ಹೋಗಿರುತ್ತಿದ್ದರು.

ಅಷ್ಟರಲ್ಲಿ ಚೀನಾದವರಿಗೆ ನಮ್ಮ ಸಂಡೂರಿನ ಮಣ್ಣು ಬೇಕಾಯಿತು. ಈರಣ್ಣ ಯಶವಂತನಗರದ ಕಡೆ ಅದಿರು ಲಾರಿ ಬಿಟ್ಟ. ಲಾರಿಗಳ ಕೆಂಪು ಧೂಳು ಕೂತು ನಮ್ಮ ಗೆರೆಯೂ ಕಾಣದಾಯಿತು. ಒಂದು ಬೆಳಿಗ್ಗೆ ಅವನು ಎತ್ತರದ ಕಪ್ಪು ಕಾರಿನಿಂದ ಇಳಿದು ಬಂದು ಹೊಡೆದ ಶಟಲ್ ಗೆರೆ ದಾಟಿ, ಕಾಂಪೌಂಡ್ ದಾಟಿ, ಪಕ್ಕದ ಮನೆಯ ತುಳಸಿಕಟ್ಟೆಯಲ್ಲಿ ಬಿತ್ತು.

"ಒಳಗ ಬಿದ್ದೈತ್ರಿ ಈರಣ್ಣಾರ, ಮಸ್ತ್ ಶಾಟ್!" ಎಂದ ನನ್ನ ಜೋಡಿ ಆಟಗಾರ, ಔಷಧಿ ಅಂಗಡಿಯ ಮೂರ್ತಿ. ಅವನ ತಮ್ಮನಿಗೆ ಲಾರಿ ಆಫೀಸಿನಲ್ಲಿ ಕೆಲಸ ಬೇಕಿತ್ತು. ನನಗೇನೂ ಬೇಕಿರಲಿಲ್ಲ. ಆದರೂ "ಹೌದ್ರಿ, ಒಳಗ" ಎಂದುಬಿಟ್ಟೆ. ಮೂರ್ತಿ ಲಾಭಕ್ಕೆ ಸುಳ್ಳು ಹೇಳಿದ. ನಾನು ಬಿಟ್ಟಿಯಾಗಿ ಹೇಳಿದೆ.

ಅಲ್ಲಿಂದ ಈರಣ್ಣ ಸೋಲಲೇ ಇಲ್ಲ. ಬಹುವಚನ ಬಂತು, ಜಗಳ ಹೋಯಿತು. ಮಿರ್ಚಿ ಹೋಗಿ ಬಾದಾಮಿ ಹಾಲು ಬಂತು. ಗೆದ್ದು ಗೆದ್ದು ಅವನ ಮುಖ ಬಾಡಿತು.

"ನಾಳಿಂದ ನಾ ಬರಂಗಿಲ್ರಿ ಮಾಸ್ತರ್ರ. ಯಾಕೋ ಆಟದಾಗ ರುಚಿನ ಇಲ್ಲ," ಎಂದ ಒಂದು ದಿನ, ಆಟದ ನಡುವೆ.

ಮಾಸ್ತರ್ರ! 'ಲೇ' ಎನ್ನದೆ ನನ್ನನ್ನು ಕರೆದೇ ಗೊತ್ತಿಲ್ಲದವನು. ಗೆಳೆಯ ಕೈತಪ್ಪಿ ಹೋಗುತ್ತಿದ್ದಾನೆ, ಕಳಿಸುತ್ತಿರುವವನು ನಾನೇ ಎಂದು ಹೊಳೆದು ನನ್ನ ಮೇಲೇ ಸಿಟ್ಟು ಬಂತು. ಅಷ್ಟರಲ್ಲಿ ಅವನು ಹೊಡೆದ ಶಟಲ್ ನನ್ನ ಕಾಲ ಬಳಿ, ಗೆರೆಯಿಂದ ಗೇಣುದ್ದ ಒಳಗೆ ಬಿತ್ತು. ಎರಡು ವರ್ಷದಲ್ಲಿ ಅವನು ಹೊಡೆದ ಅತ್ಯುತ್ತಮ ಹೊಡೆತ.

"ಔಟ್!" ಎಂದೆ.

ಮೂರ್ತಿಯ ಕೈಯಿಂದ ಬ್ಯಾಟು ಜಾರಿತು. ಈರಣ್ಣ ನೆಟ್ಟಿನ ಕೆಳಗೆ ನುಗ್ಗಿ ಬಂದ. ಬಿಳಿ ಪ್ಯಾಂಟಿನಲ್ಲೇ ಮಂಡಿಯೂರಿ, ಕೆಂಪು ಧೂಳು ಊದಿ ಗೆರೆ ತೋರಿಸಿದ.

"ಕಣ್ಣಾಗ ಮಣ್ಣು ಬಿದ್ದೈತೇನಲೇ? ಒಳಗ ಐತಿ ನೋಡು! ಯಾವನಲೇ ನಿನಗ ಮಾಸ್ತರಕಿ ಕೊಟ್ಟಾಂವ?"

"ಹೊರಗ ಅಂದ್ರ ಹೊರಗಲೇ ಈರ್ಯಾ!"

ಶಾಲೆಗೆ ತಡವಾಗುವವರೆಗೂ ಕಚ್ಚಾಡಿದೆವು. ಮರುದಿನ ಹೋದರೆ, ಈರಣ್ಣ ಎಲ್ಲರಿಗಿಂತ ಮೊದಲು ಬಂದು ಪೊರಕೆ ಹಿಡಿದು ಗೆರೆ ಗುಡಿಸುತ್ತಿದ್ದ.

ಶಟಲ್ ಒಳಗೇ ಬಿದ್ದಿತ್ತೆಂದು ಅವನಿಗೆ ಗೊತ್ತು, ನನಗೂ ಗೊತ್ತು. ಇವತ್ತಿಗೂ ನಾನು ಒಪ್ಪಿಕೊಂಡಿಲ್ಲ. ಒಪ್ಪಿಕೊಂಡರೆ ನಾಳೆ ಅವನು ಯಾವ ನೆಪಕ್ಕೆ ಬರಬೇಕು?