ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆ

ನಾನು ಚಳ್ಳಕೆರೆಯ ಒಂದು ಐ.ಟಿ.ಐ.ಯಲ್ಲಿ ಇಪ್ಪತ್ತೆಂಟು ವರ್ಷ ಮೋಟಾರ್ ಮೆಕ್ಯಾನಿಕ್ ವಿಭಾಗದ ಬೋಧಕನಾಗಿದ್ದೆ. ಪ್ರತಿ ವರ್ಷ ಹೊಸ ಹುಡುಗರಿಗೆ ಮೊದಲು ಹೇಳುತ್ತಿದ್ದ ಮಾತು ಒಂದೇ: ಗಾಡಿಯಲ್ಲಿ ಹೊಸ ದೋಷ ಕಂಡರೆ, ಕೊನೆಯ ಸಲ ಕೈ ಹಾಕಿದ ಜಾಗವನ್ನು ಮೊದಲು ನೋಡಿ. ಈಗ ಹೇಳುತ್ತಿರುವುದು ನಿವೃತ್ತಿಯಾದ ಮರುವರ್ಷದ ಸಂಗತಿ. ನೆನೆದರೆ ಈಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ನನ್ನ ಹಳೇ ಕಾರಿನ ಬಾಗಿಲುಗಳ ಒಳಹೊದಿಕೆ, ಅಂದರೆ ಡೋರ್ ಟ್ರಿಮ್, ಬಿಸಿಲಿಗೆ ಸೀಳಿ ಜೋತುಬಿದ್ದಿತ್ತು. ಊರಲ್ಲಿ ದಾದಾಪೀರ್‌ನ ಕುಶನ್ ಅಂಗಡಿ ಇದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಸೀಟು ಹೊಲಿಯುವುದರಿಂದ ಗಾಜು ಕೂರಿಸುವವರೆಗೆ ಕೈ ಪಳಗಿದವನು. ಕಾರಿನ ಮುಂದಿನ ಗಾಜನ್ನು ಹಿಂದಿನ ವರ್ಷ ಅವನೇ ಬದಲಾಯಿಸಿದ್ದ. "ಟ್ರಿಮ್ ಕೆಲ್ಸಾನೂ ಬಿಟ್ಟೋಗಿ ಸಾರ್, ಮಾಡ್ಕೊಡ್ತೀನಿ" ಎಂದಿದ್ದ. ಕಲಿಸಿದವನಿಗೆ ಇದೂ ಒಂದು ಕೆಲಸವೇ ಎಂಬ ಜಂಬ ನನಗೆ. ಹೊಸ ಟ್ರಿಮ್ ತರಿಸಿಕೊಂಡು ಮನೆ ಮುಂದಿನ ಬೇವಿನ ನೆರಳಲ್ಲಿ ಕೂತೆ.

ಸ್ಕ್ರೂ ಬಿಚ್ಚಿದ ಮೇಲೆ ಕ್ಲಿಪ್ಪುಗಳನ್ನು ಒಂದೊಂದಾಗಿ ಮೀಟಬೇಕು. ನಾನು ಎಳೆದೆ. ಮೊದಲ ಬಾಗಿಲಲ್ಲೇ ಐದು ಕ್ಲಿಪ್ ಮುರಿದವು. ಇದ್ದವುಗಳಲ್ಲೇ ಹೊಂದಿಸಿಕೊಂಡೆ. ಟ್ರಿಮ್ಮಿನ ಹಿಂದೆ ತಗಡಿಗೆ ಅಂಟಿದ್ದ ಪ್ಲಾಸ್ಟಿಕ್ ಹಾಳೆಗಳು ಧೂಳು ಹಿಡಿದಿದ್ದವು. ಕಿಟಕಿ ಗಾಜಿನ ಮೇಲೆ ಬಿದ್ದ ನೀರು ಬಾಗಿಲೊಳಗೆ ಇಳಿದು ತಳದ ತೂತುಗಳಿಂದ ಹೊರಹೋಗುತ್ತದೆ. ಅದು ಕಾರಿನೊಳಕ್ಕೆ ಬಾರದಂತೆ ತಡೆಯುವುದೇ ಆ ಹಾಳೆ. ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದವನು ನಾನು. ಆದರೂ, ನಮ್ಮ ಸೀಮೆಯಲ್ಲಿ ಮಳೆ ಎಲ್ಲಿದೆ ಎಂದುಕೊಂಡು ಕಿತ್ತುಹಾಕಿ, ಹಿತ್ತಿಲ ಸೌದೆಯ ಮೇಲೆ ಹೊದಿಸಿದೆ. ನಾಲ್ಕು ದಿನಕ್ಕೆ ಮರೆತೂಬಿಟ್ಟೆ.

ಮೂರು ತಿಂಗಳ ನಂತರ ಎರಡು ದಿನ ಬಿಡದೆ ಮಳೆ ಹುಯ್ಯಿತು. ಕಾರಿನ ನೆಲಹಾಸು ತೊಯ್ದು ಮುಗ್ಗಲು ವಾಸನೆ ಹಿಡಿಯಿತು. ನನ್ನ ಅನುಮಾನ ನೇರವಾಗಿ ಮುಂದಿನ ಗಾಜಿನ ಮೇಲೆ ಹೋಯಿತು.

ಬೆಳಿಗ್ಗೆ ಹತ್ತಕ್ಕೆ ದಾದಾಪೀರ್‌ನ ಅಂಗಡಿ ಮುಂದೆ ಕಾರು ನಿಲ್ಲಿಸಿದೆ. ಐದಾರು ಗಿರಾಕಿಗಳಿದ್ದರು. ರಾಂಪುರದ ಓಬಳೇಶಪ್ಪ ಎಂಬುವರು ತಮ್ಮ ಮೂರು ಬಾಡಿಗೆ ವ್ಯಾನುಗಳ ಸೀಟಿನ ಕೆಲಸ ಒಪ್ಪಿಸಲು ಬಂದು ರೆಕ್ಸಿನ್ ಆರಿಸುತ್ತಿದ್ದರು.

"ಏನ್ಲೇ ಪೀರಾ, ಗಾಜು ಕೂರ್ಸಿದೀಯೋ, ಜರಡಿ ಕೂರ್ಸಿದೀಯೋ? ಇದೇನಾ ನಾನು ಕಲ್ಸಿದ್ದು?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ.

ದಾದಾಪೀರ್ ಬಾಗಿಲು ತೆರೆದು ಟ್ರಿಮ್ಮನ್ನು ಬೆರಳಿಂದ ಒತ್ತಿದ. ಅದು ಸಡಿಲವಾಗಿ ಅಲ್ಲಾಡಿತು. ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದ. "ಗಾಡಿ ಇಲ್ಲೇ ಇರ್ಲಿ ಸಾರ್, ನೋಡ್ತೀನಿ."

ಓಬಳೇಶಪ್ಪ ಕೈಯಲ್ಲಿದ್ದ ರೆಕ್ಸಿನ್ ತುಂಡು ಕೆಳಗಿಟ್ಟರು. "ಕಲ್ಸಿದ ಮೇಷ್ಟ್ರ ಗಾಡೀಗೇ ಹಿಂಗ್ ಮಾಡಿದ್ರೆ ನಮ್ದೇನು ಗತಿ? ಬರ್ತೀನಪ್ಪಾ" ಎಂದು ಹೊರಟುಹೋದರು.

ಸಂಜೆ ಕಾರು ಕೊಡುವಾಗ ದಾದಾಪೀರ್ ಹೇಳಿದ್ದಿಷ್ಟೇ: "ಇನ್ನು ನೀರು ಬರಲ್ಲ ಸಾರ್." ಮಜೂರಿ ಬೇಡವೆಂದ. ತಪ್ಪು ಅವನದೇ ಎನ್ನಲು ಇನ್ನೇನು ಬೇಕು ಎಂದುಕೊಂಡು ಮನೆಗೆ ಬಂದೆ.

ಮುಂದಿನ ಬೇಸಿಗೆಯಲ್ಲಿ ಕಿಟಕಿ ಗಾಜು ಸಿಕ್ಕಿಕೊಂಡಿತು. ಟ್ರಿಮ್ ಬಿಚ್ಚಿದರೆ, ಎಲ್ಲ ಕ್ಲಿಪ್ಪುಗಳೂ ಹೊಸವು. ಹಿಂದೆ ಹೊಸ ಪ್ಲಾಸ್ಟಿಕ್ ಹಾಳೆ; ಅದರ ಕೆಳಗಿನ ಅಂಚನ್ನು, ನಾನು ಬೋರ್ಡಿನ ಮೇಲೆ ತೋರಿಸುತ್ತಿದ್ದ ಹಾಗೆಯೇ, ತಗಡಿನ ಒಳಕ್ಕೆ ಮಡಿಸಿದ್ದ. ನಾಲ್ಕೂ ಬಾಗಿಲು ಬಿಚ್ಚಿ ನೋಡಿದೆ, ಎಲ್ಲದರಲ್ಲೂ ಹಾಗೇ ಇತ್ತು. ಮುಂದಿನ ಗಾಜಿನ ಹಳೆಯ ಅಂಟನ್ನು ಅವನು ಮುಟ್ಟಿಯೇ ಇರಲಿಲ್ಲ. ಹಿತ್ತಿಲಿಗೆ ಹೋದೆ. ನಾನು ಕಿತ್ತಿದ್ದ ಹಾಳೆಗಳ ಕೆಳಗೆ ಸೌದೆ ಒಣಗಿ ಬೆಚ್ಚಗಿತ್ತು.

ಮಾರನೆಯ ದಿನ, ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತು ನೋಡಿಕೊಂಡು ಅಂಗಡಿಗೆ ಹೋದೆ. ತಪ್ಪಾಯಿತು ಎಂದೆ. ಆವತ್ತೇ ಯಾಕೆ ಹೇಳಲಿಲ್ಲ ಎಂದೂ ಕೇಳಿದೆ.

"ಅಷ್ಟು ಜನದ ಮುಂದೆ ನಿಮ್ಗೆ ಹೆಂಗ್ ಹೇಳ್ಲಿ ಸಾರ್?" ಎಂದ ದಾದಾಪೀರ್. ಹೊಲಿಗೆ ಮೆಷಿನ್ನಿನಿಂದ ಕಣ್ಣೆತ್ತದೆ ಹೇಳಿದ: "ಬೈಯೋಕೆ ಬೆಳಿಗ್ಗೆ ಹತ್ತಕ್ಕೆ ಬಂದಿದ್ರಿ ಸಾರ್. ಇವತ್ತು ಯಾರೂ ಇಲ್ದಾಗ ಬಂದಿದೀರಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಹತ್ತು ಗಂಟೆಗೆ ಅದೇ ಅಂಗಡಿಯ ಮುಂದೆ ನಿಂತು, ಇದ್ದ ಗಿರಾಕಿಗಳಿಗೆಲ್ಲ ನಡೆದದ್ದನ್ನು ಹೇಳಿದೆ. "ಸಾಕು ಬಿಡಿ ಸಾರ್" ಎಂದು ದಾದಾಪೀರ್ ನನ್ನ ಕಡೆಗೆ ಸ್ಟೂಲು ಸರಿಸಿದ. ಅಲ್ಲಿಂದ ರಾಂಪುರಕ್ಕೆ ಹೋಗಿ ಓಬಳೇಶಪ್ಪನವರಿಗೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಆ ಕೆಲ್ಸ ಆವಾಗ್ಲೇ ಬಳ್ಳಾರೀಲಿ ಮಾಡ್ಸಿದೆ ಮೇಷ್ಟ್ರೇ. ಈಗ ಹೇಳಿದ್ರೆ ಏನೈತೆ?" ಎಂದರು.

ದೋಷ ಕಂಡರೆ ಕೊನೆಯ ಸಲ ಕೈ ಹಾಕಿದ ಜಾಗ ನೋಡಿ ಎಂದು ಇಪ್ಪತ್ತೆಂಟು ವರ್ಷ ಕಲಿಸಿದೆ. ಆ ಕೈ ನನ್ನದೂ ಆಗಿರಬಹುದೆಂದು ಒಂದು ದಿನವೂ ಹೇಳಿರಲಿಲ್ಲ. ದಾದಾಪೀರ್ ಬಾಗಿಲು ಮುಟ್ಟಿದ ಕೂಡಲೇ ಅದನ್ನು ಕಂಡುಕೊಂಡಿದ್ದ, ಕಂಡೂ ನನ್ನ ಮರ್ಯಾದೆ ಕಾದಿದ್ದ.